ಯಂತ್ರದ ಅಂಕಿಯೂ ನಮ್ಮ ವಿವೇಕವೂ

ಸರಳ ಲೋಲಕದ ಪ್ರಯೋಗವನ್ನು ಮಾಡದೆ ಕಾಲೇಜಿನ ಪ್ರಯೋಗಶಾಲೆಯಿಂದ ಹೊರಬಿದ್ದ ವಿಜ್ಞಾನ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ. ಒಂದು ಮೀಟರ್ ಉದ್ದದ ದಾರಕ್ಕೆ ಗುಂಡೊಂದನ್ನು ಕಟ್ಟಿ ತೂಗಬಿಟ್ಟು, 20 ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆದು, ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವುದೇ ಈ ಪ್ರಯೋಗ. ಕಾಲವು 40.2 ಸೆಕೆಂಡು ಬಂದಿತೆನ್ನೋಣ. ವಿದ್ಯಾರ್ಥಿಗಳು ಕ್ಯಾಲ್ಕುಲೇಟರಿನ ಗುಂಡಿಗಳನ್ನೊತ್ತಿ, ತೆರೆಯ ಮೇಲೆ ಮೂಡಿದ 9.7716437 ಎಂಬ ಸಂಖ್ಯೆಯನ್ನು ಅಷ್ಟೂ ಅಂಕಿಗಳೊಡನೆ ಬರೆದುಕೊಂಡು ಬರುತ್ತಾರೆ. ಸ್ಟಾಪ್ ವಾಚನ್ನು ಒತ್ತುವ ಬೆರಳು ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ತಡವಾದರೆ ಸಾಕು, 9.77 ಎಂಬುದು 9.72 ಆಗಿಬಿಡುತ್ತದೆ. ಹೀಗಿರುವಲ್ಲಿ ಅದರಾಚೆಯ ಐದು ಅಂಕಿಗಳಿಗೆ ಅರ್ಥವೆಲ್ಲಿ? “ಇಷ್ಟೊಂದು ಅಂಕಿಗಳೇಕೆ?” ಎಂದು ಕೇಳಿದರೆ, “ಯಂತ್ರ ಹಾಗೇ ತೋರಿಸಿತು, ಸಾರ್” ಎಂಬ ಉತ್ತರವನ್ನು ನಾವು ವರ್ಷವರ್ಷವೂ ಕೇಳುತ್ತ ಬಂದಿದ್ದೇವೆ.

ಮುಂದಿನ ಕಾಲಕ್ಕೆ ಬೇಕಾದ ಡಿಜಿಟಲ್ ಕೌಶಲಗಳನ್ನು ಮಕ್ಕಳಿಗೆ ಕಲಿಸಬೇಕೆಂಬ ಮಾತು ಇಂದು ಎಲ್ಲೆಡೆಯೂ ಕೇಳಿಬರುತ್ತಿದೆ. ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಹಂತದಲ್ಲಿಯೇ ಕೋಡಿಂಗಿನ ಪರಿಚಯವಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಇದು ಸ್ವಾಗತಾರ್ಹವಾದುದು. ಆದರೆ ಕೌಶಲವೆಂದರೆ ಯಾವ ಗುಂಡಿಯನ್ನು ಯಾವಾಗ ಒತ್ತಬೇಕೆಂಬ ತಿಳಿವಳಿಕೆ ಮಾತ್ರವೇ ಎಂದು ಭಾವಿಸಿದರೆ ನಾವು ಮೋಸಹೋಗುತ್ತೇವೆ. ಗುಂಡಿಗಳು ಬದಲಾಗುತ್ತವೆ, ಇಂದು ಕಲಿತ ತಂತ್ರಾಂಶವು ಹತ್ತು ವರ್ಷಗಳಲ್ಲಿ ಮೂಲೆಗೆ ಬೀಳಬಹುದು. ಯಂತ್ರ ಕೊಟ್ಟ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬ ವಿವೇಕವೇ ಎಲ್ಲಕ್ಕಿಂತ ಮೊದಲು ಕಲಿಸಬೇಕಾದ ಕೌಶಲವೆಂಬುದು ನಮ್ಮ ಅಭಿಪ್ರಾಯ.

ಯಂತ್ರವೂ ತಪ್ಪುವುದುಂಟೇ ಎಂದು ಓದುಗರು ಕೇಳಬಹುದು. ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಗಣಕಯಂತ್ರವು ಸಂಖ್ಯೆಗಳನ್ನು ಸಾಮಾನ್ಯವಾಗಿ ದ್ವಿಮಾನ ಪದ್ಧತಿಯಲ್ಲಿ, ಎಂದರೆ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ, ಇಟ್ಟುಕೊಳ್ಳುತ್ತದೆ. 0.1 ಎಂಬ ಸಂಖ್ಯೆಯನ್ನು ಈ ಪದ್ಧತಿಗೆ ತರಬೇಕಾದರೆ ಅದನ್ನು ಎರಡರಿಂದ ಗುಣಿಸುತ್ತ ಹೋಗಬೇಕು; ಪ್ರತಿ ಸಲವೂ ಬಿಂದುವಿನ ಎಡಕ್ಕೆ ಬಂದ ಅಂಕಿಯನ್ನು ಬರೆದುಕೊಂಡು, ಉಳಿದ ಭಾಗವನ್ನು ಮತ್ತೆ ಗುಣಿಸಬೇಕು. 0.2, 0.4, 0.8 ಎಂಬಲ್ಲಿ ಮೂರು ಸೊನ್ನೆಗಳು ದೊರೆಯುತ್ತವೆ, ಮುಂದೆ 1.6, 1.2 ಎಂಬಲ್ಲಿ ಎರಡು ಸಲ ಒಂದು. ಈಗ ಉಳಿದದ್ದು 0.2, ಅದಾದರೋ ಆಗಲೇ ಬಂದುಹೋದ ಸಂಖ್ಯೆ! ಹೀಗೆ 0.000110011… ಎಂದು ಸಾಲು ಕೊನೆಯಿಲ್ಲದೆ ಸಾಗುತ್ತದೆ. ಯಂತ್ರದೊಳಗಿನ ಸ್ಥಳವು ಮಿತವಾದುದರಿಂದ ಎಲ್ಲಿಯಾದರೂ ಒಂದೆಡೆ ಬಾಲವನ್ನು ಕತ್ತರಿಸಲೇಬೇಕು. ನಮ್ಮ ದಶಮಾನ ಪದ್ಧತಿಯಲ್ಲಿ ಮೂರನೆಯ ಒಂದು ಪಾಲಿಗೆ ಒದಗುವ ಗತಿಯೇ ಅಲ್ಲಿ ಹತ್ತನೆಯ ಒಂದು ಪಾಲಿಗೆ ಒದಗುತ್ತದೆ. ಕೋಡಿಂಗಿನ ಅನೇಕ ಭಾಷೆಗಳಲ್ಲಿ 0.1ಕ್ಕೆ 0.2ನ್ನು ಕೂಡಿಸಿದರೆ 0.30000000000000004 ಎಂಬ ಉತ್ತರ ಬರುವುದು ಈ ಕಾರಣದಿಂದಲೇ.

ಇಷ್ಟು ಅಲ್ಪವಾದ ದೋಷದಿಂದ ಏನಾದೀತು ಎನ್ನುವಂತಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೇನೆಯು ಸೌದಿ ಅರೇಬಿಯದ ದಹ್ರಾನಿನಲ್ಲಿ ಪೇಟ್ರಿಯಟ್ ಎಂಬ ಕ್ಷಿಪಣಿನಾಶಕ ವ್ಯವಸ್ಥೆಯೊಂದನ್ನು ನಿಲ್ಲಿಸಿತ್ತು. ಅದರ ಗಡಿಯಾರವು ಕಾಲವನ್ನು ಸೆಕೆಂಡಿನ ಹತ್ತನೆಯ ಪಾಲುಗಳಲ್ಲಿ ಎಣಿಸುತ್ತಿತ್ತು. ಆ ಎಣಿಕೆಯನ್ನು 0.1ರಿಂದ ಗುಣಿಸಿ ಸೆಕೆಂಡಿಗೆ ಪರಿವರ್ತಿಸಲಾಗುತ್ತಿತ್ತು. 0.1ಕ್ಕೆ ಅಲ್ಲಿ ದೊರೆತಿದ್ದುದು 24 ದ್ವಿಮಾನ ಸ್ಥಾನಗಳು ಮಾತ್ರ. ಒಂದೊಂದು ಎಣಿಕೆಗೆ ಬರುತ್ತಿದ್ದ ತಪ್ಪು ಸುಮಾರು 0.000000095 ಸೆಕೆಂಡು. ನೂರು ಗಂಟೆಗಳ ಕಾಲ ಯಂತ್ರವು ಎಡೆಬಿಡದೆ ನಡೆದಾಗ ಎಣಿಕೆಗಳು 36 ಲಕ್ಷವಾದವು. ಕೂಡಿಬಂದ ತಪ್ಪು ಸುಮಾರು 0.34 ಸೆಕೆಂಡು. ಸೆಕೆಂಡಿಗೆ ಸುಮಾರು 1,700 ಮೀಟರ್ ವೇಗದಿಂದ ಬರುವ ಸ್ಕಡ್ ಕ್ಷಿಪಣಿಯು ಅಷ್ಟರಲ್ಲಿ ಅರ್ಧ ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಕ್ರಮಿಸುತ್ತದೆ. ಫೆಬ್ರುವರಿ 25ರಂದು ಯಂತ್ರವು ಕ್ಷಿಪಣಿಯನ್ನು ಆಕಾಶದ ತಪ್ಪು ಎಡೆಯಲ್ಲಿ ಹುಡುಕಿತು. 28 ಮಂದಿ ಸೈನಿಕರು ಮಡಿದರು. ದೋಷವು ಮೊದಲೇ ತಿಳಿದುಬಂದಿತ್ತು. ಯಂತ್ರವನ್ನು ಬಹಳ ಹೊತ್ತು ನಡೆಸಬಾರದೆಂಬ ಎಚ್ಚರಿಕೆಯೂ ಹೋಗಿತ್ತು. ಆದರೆ ‘ಬಹಳ ಹೊತ್ತು’ ಎಂದರೆ ಎಷ್ಟು ಹೊತ್ತೆಂದು ಆ ಎಚ್ಚರಿಕೆಯಲ್ಲಿ ಇರಲಿಲ್ಲ. ತಿದ್ದಿದ ತಂತ್ರಾಂಶವು ಅಲ್ಲಿಗೆ ತಲುಪಿದ್ದು ಮರುದಿನ. ಯಂತ್ರವನ್ನು ನಡೆಸುವ ಕೌಶಲ ಆ ಸೈನಿಕರಿಗೆ ಇಲ್ಲದಿರಲಿಲ್ಲ. ಅದು ಯಾವಾಗ, ಎಷ್ಟು ತಪ್ಪಬಹುದೆಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ.

ಅಂಕಿಗಳ ಮಾತೇ ಹೀಗಾದರೆ ವಾಕ್ಯಗಳ ಮಾತೇನು? ಪ್ರಶ್ನೆ ಕೇಳಿದೊಡನೆ ನಿರರ್ಗಳವಾಗಿ ಉತ್ತರ ಬರೆಯುವ ಕೃತಕ ಬುದ್ಧಿಮತ್ತೆಯ ಸಾಧನಗಳು 2022ರ ಕೊನೆಯಿಂದ ವಿದ್ಯಾರ್ಥಿಗಳ ಕೈಗೂ ಬಂದಿವೆ. ಯಾವ ಪದದ ಬಳಿಕ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕಾಚಾರವೇ ಅವುಗಳ ಬುನಾದಿ. ನಯವಾದ ವಾಕ್ಯವೆಲ್ಲ ನಿಜವಾದ ವಾಕ್ಯವಾಗಿರಬೇಕಿಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಇಂತಹ ಸಾಧನವು ಕಲ್ಪಿಸಿಕೊಟ್ಟ, ಎಂದೂ ನಡೆದಿರದ ಮೊಕದ್ದಮೆಗಳನ್ನು ನ್ಯಾಯಾಲಯದ ಮುಂದೆ ಉದಾಹರಿಸಿ ದಂಡಕ್ಕೆ ಗುರಿಯಾದರು. ಎಂಟು ಅಂಕಿಗಳನ್ನು ಕಣ್ಣುಮುಚ್ಚಿ ಬರೆದುಕೊಂಡ ನಮ್ಮ ವಿದ್ಯಾರ್ಥಿಗೂ ಇವರಿಗೂ ಭೇದವೇನು?

ಉದ್ಯೋಗ ದೊರೆಯುವುದು ಯಂತ್ರವನ್ನು ನಡೆಸಬಲ್ಲವರಿಗೇ ಹೊರತು ಸಂದೇಹಪಡುವವರಿಗಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಯಂತ್ರ ನಡೆಸುವುದನ್ನು ಕಲಿಸಬಾರದೆಂದು ನಾವು ಹೇಳುತ್ತಿಲ್ಲ, ಅದು ಅಗತ್ಯವೇ. ಆದರೆ ಎಲ್ಲ ಶಾಲೆಗಳಲ್ಲಿಯೂ ಗಣಕಯಂತ್ರಗಳಿಲ್ಲ. ನಾವು ಹೇಳುವ ಕೌಶಲಕ್ಕಾದರೋ ಕರಿಹಲಗೆ, ಸೀಮೆಸುಣ್ಣ ಸಾಕು. ಗುಂಡಿಯನ್ನು ಒತ್ತುವ ಮೊದಲು ಉತ್ತರ ಸುಮಾರು ಎಷ್ಟಿರಬೇಕೆಂದು ಬಾಯಿಲೆಕ್ಕದಿಂದ ಅಂದಾಜು ಮಾಡುವುದು. ಉತ್ತರ ಬಂದ ಮೇಲೆ ಅದರಲ್ಲಿ ಎಷ್ಟು ಅಂಕಿಗಳು ನಂಬಲು ಅರ್ಹವೆಂದು ವಿಚಾರಿಸುವುದು. ಬೇರೊಂದು ದಾರಿಯಿಂದ ಅದನ್ನು ಪರೀಕ್ಷಿಸುವುದು — ಈ ಮೂರು ಅಭ್ಯಾಸಗಳನ್ನು ಯಾವ ಹಳ್ಳಿಯ ಶಾಲೆಯಲ್ಲಿಯಾದರೂ ನಾಳೆಯೇ ಆರಂಭಿಸಬಹುದು.

ಇಲ್ಲಿ ಅಧ್ಯಾಪಕರಾದ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. 9.7716437 ಎಂದು ಬರೆದವರಿಗೂ ನಾವು ಪೂರ್ಣ ಅಂಕಗಳನ್ನು ಕೊಟ್ಟುಬಿಡುತ್ತೇವೆ. ಪರೀಕ್ಷೆಯಲ್ಲಿ ಬೆಲೆಯಿಲ್ಲದ ವಿವೇಕವನ್ನು ಮಕ್ಕಳು ಏಕೆ ಬೆಳೆಸಿಕೊಳ್ಳಬೇಕು? ಅಂದಾಜಿಗೂ ದೋಷದ ಲೆಕ್ಕಕ್ಕೂ ಅಂಕಗಳನ್ನು ಮೀಸಲಿಟ್ಟರೆ ಈ ಸ್ಥಿತಿ ಬೇಗನೆ ಬದಲಾಗಬಲ್ಲುದು.

ಅಲ್ಲಿಯವರೆಗೆ ವಿದ್ಯಾರ್ಥಿ ಓದುಗರು ಸುಮ್ಮನಿರಬೇಕಾಗಿಲ್ಲ. ಮೇಲೆ ಹೇಳಿದ ಕ್ರಮದಲ್ಲಿ 0.5ನ್ನೂ 0.3ನ್ನೂ ಕಾಗದದ ಮೇಲೆ ದ್ವಿಮಾನಕ್ಕೆ ತಂದು ನೋಡಲಿ. ಒಂದು ಒಡನೆಯೇ ಮುಗಿಯುತ್ತದೆ. ಇನ್ನೊಂದು ಮುಗಿಯುವುದೇ ಇಲ್ಲ. ಹೀಗೇಕೆಂಬುದನ್ನು ಯಂತ್ರವನ್ನು ಕೇಳದೆ ತಾವೇ ಕಂಡುಕೊಂಡವರು, ನಾಳೆ ಎಂತಹ ಹೊಸ ಯಂತ್ರ ಬಂದರೂ ಅದರ ಮುಂದೆ ಧೈರ್ಯದಿಂದ ಕುಳಿತುಕೊಳ್ಳಬಹುದು.