ಹಿಮವೂ ಸಾಕ್ಷಿ ಹೇಳಬೇಕು

ಪೊಲೀಸ್ ಪತ್ತೇದಾರಿ ಸರಣಿಯ ಯಾವ ವಿಮರ್ಶೆ ತೆಗೆದರೂ ‘ವಾತಾವರಣ ಅದ್ಭುತವಾಗಿ ಮೂಡಿದೆ’ ಎಂಬ ಮಾತು ಇದ್ದೇ ಇರುತ್ತದೆ. ಮಳೆ, ಮಂಜು, ಕತ್ತಲು, ಕಡಲಿನ ಮೊರೆತ. ನನ್ನ ಮಟ್ಟಿಗೆ ಇದು ವಿಮರ್ಶಕರು ತಮ್ಮ ಕೆಲಸದಿಂದ ನುಣುಚಿಕೊಳ್ಳುವ ದಾರಿ. ಕೇಳಬೇಕಾದ ಪ್ರಶ್ನೆ ಬೇರೆ: ಆ ಹವೆಯನ್ನು ತೆಗೆದುಬಿಟ್ಟರೆ ಕತೆ ನಿಲ್ಲುತ್ತದೆಯೇ?

ಆನ್ ಕ್ಲೀವ್ಸ್ ಅವರ ಶೆಟ್ಲೆಂಡ್ ಸರಣಿಯನ್ನೇ ನೋಡಿ. 2006ರ ‘ರೇವನ್ ಬ್ಲ್ಯಾಕ್’ನಿಂದ 2018ರ ‘ವೈಲ್ಡ್ ಫೈರ್’ವರೆಗೆ ಎಂಟು ಕಾದಂಬರಿಗಳು, ಪತ್ತೇದಾರ ಜಿಮ್ಮಿ ಪೆರೆಜ್. ಮೊದಲ ಪುಸ್ತಕದಲ್ಲಿ ಬಿಳಿ ಹಿಮದ ಮೇಲೆ ಶಾಲಾ ಹುಡುಗಿಯೊಬ್ಬಳ ಶವ, ಸುತ್ತ ಕಡುಗಪ್ಪು ರೇವನ್ ಹಕ್ಕಿಗಳು. ಚಿತ್ರ ಮರೆಯಲಾಗದ್ದು, ನಿಜ. ಆದರೆ ಪುಸ್ತಕದ ತೂಕ ಇರುವುದು ಅಲ್ಲಲ್ಲ. ವರ್ಷಗಳ ಹಿಂದೆ ಪುಟ್ಟ ಹುಡುಗಿಯೊಬ್ಬಳು ಕಾಣೆಯಾದಾಗಲೂ ಊರು ಬೆರಳು ತೋರಿಸಿದ್ದು ಒಂಟಿ ಮುದುಕ ಮ್ಯಾಗ್ನಸ್ ಟೇಟ್ ಕಡೆಗೆ. ಈಗಲೂ ಅವನ ಕಡೆಗೇ. ಸುಮಾರು 23,000 ಜನರ ದ್ವೀಪಸಮೂಹದಲ್ಲಿ ಒಮ್ಮೆ ಅಂಟಿದ ಸಂಶಯ ತೊಳೆದರೂ ಹೋಗದು. ಇಲ್ಲಿ ಜಾಗವೇ ಕತೆ.

‘ವೈಟ್ ನೈಟ್ಸ್’ನಲ್ಲಿ ಬೇಸಿಗೆಯ ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ, ಭಯಕ್ಕೆ ಕತ್ತಲೇ ಬೇಕೆಂಬ ಹಳೆಯ ನಂಬಿಕೆ ಅಲ್ಲಿ ಮುರಿಯುತ್ತದೆ. ‘ಬ್ಲೂ ಲೈಟ್ನಿಂಗ್’ನಲ್ಲಿ ಬಿರುಗಾಳಿ ವಿಮಾನ, ದೋಣಿ ಎರಡನ್ನೂ ನಿಲ್ಲಿಸಿ ಕೊಲೆಗಾರ, ಪೊಲೀಸ್ ಇಬ್ಬರನ್ನೂ ಫೇರ್ ಐಲ್‌ನಲ್ಲೇ ಕೂಡಿಹಾಕುತ್ತದೆ. ಹಾಗೆಂದು ಸರಣಿಗೆ ರಿಯಾಯಿತಿ ಬೇಕಿಲ್ಲ. ನಿಜದ ಶೆಟ್ಲೆಂಡಿನಲ್ಲಿ ಕೊಲೆ ಅಪರೂಪ. ಕಾದಂಬರಿಗಳಲ್ಲಿ ಹೆಣಗಳ ಸಂಖ್ಯೆ ಏರಿದಂತೆ ನಂಬಿಕೆ ತೆಳುವಾಗುತ್ತದೆ. ಅದನ್ನೂ ಹೇಳಬೇಕು.

ಸರಣಿಯ ವಿಮರ್ಶೆಗೆ ಇನ್ನೊಂದು ಧರ್ಮಸಂಕಟವಿದೆ. ನಾಲ್ಕನೆಯ ಪುಸ್ತಕದ ಕೊನೆಗೆ ಪೆರೆಜ್‌ನ ಬದುಕೇ ತಿರುಗುತ್ತದೆ. ಐದನೆಯದನ್ನು, 2013ರ ‘ಡೆಡ್ ವಾಟರ್’ ಅನ್ನು, ಪರಿಚಯಿಸುವವರು ಒಂದೇ ಸಾಲಿನಲ್ಲಿ ಆ ಗುಟ್ಟು ಬಿಟ್ಟುಕೊಡಬಹುದು. ‘ಮೊದಲಿನಿಂದ ಓದಿ’ ಎಂದಷ್ಟೇ ಹೇಳಿ ಸುಮ್ಮನಾಗುವುದು ಸೋಮಾರಿತನವಲ್ಲ, ಓದುಗರಿಗೆ ತೋರುವ ಮರ್ಯಾದೆ.

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ ಓದಿನ ರುಚಿ ಹತ್ತಿಸಿಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ. ಆದರೂ ಈ ಬಗೆಯ ಬರವಣಿಗೆಯನ್ನು ನಾವು ಕಾಲ ಕಳೆಯುವ ಸರಕಾಗಿಯೇ ಕಂಡೆವು. ಅದು ಕೇಳುವ ಪ್ರಶ್ನೆ ಮಾತ್ರ ಹಗುರವಲ್ಲ: ಏನಾದರೂ ಆದಾಗ ಊರು ಮೊದಲು ಯಾರತ್ತ ನೋಡುತ್ತದೆ? ಮುಂಬೈಯಲ್ಲೋ ದೆಹಲಿಯಲ್ಲೋ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಉಂಗುರ ಕಾಣೆಯಾದರೆ ಕಣ್ಣು ಹೋಗುವುದು ಮನೆಗೆಲಸದವಳ ಕಡೆಗೆ, ವಾಚ್‌ಮನ್ ಕಡೆಗೆ. ಒಳ್ಳೆಯ ಪೊಲೀಸ್ ಕಾದಂಬರಿ ಕೊಲೆಗಾರನ ಜೊತೆಗೆ ಈ ಕಣ್ಣನ್ನೂ ಹಿಡಿದು ನಿಲ್ಲಿಸುತ್ತದೆ. ಹಿಮವನ್ನಷ್ಟೇ ಹೊಗಳುವ ವಿಮರ್ಶೆ ಆ ಕಣ್ಣನ್ನು ಬಿಟ್ಟು ಕಳಿಸುತ್ತದೆ.