ಚಾರ್ಜರ್ ಇದೆ, ಚಾರ್ಜ್ ಆಗುತ್ತಿಲ್ಲ

ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು ಎಂಬ ಮಾತು ಸರ್ಕಾರಿ ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಮಾತು ಸುಳ್ಳಲ್ಲ. 2024ರ ಕೊನೆಯ ಹೊತ್ತಿಗೆ ರಾಜ್ಯದಲ್ಲಿ 5,700ಕ್ಕೂ ಹೆಚ್ಚು ಕೇಂದ್ರಗಳು ಲೆಕ್ಕಕ್ಕೆ ಸಿಕ್ಕಿದ್ದವು. ಎರಡನೇ ಸ್ಥಾನದಲ್ಲಿದ್ದ ಮಹಾರಾಷ್ಟ್ರ ಆಗಿನ್ನೂ 4,000 ಮುಟ್ಟಿರಲಿಲ್ಲ. ಆದರೆ ಈ 5,700ರಲ್ಲಿ ಇವತ್ತು ಬೆಳಿಗ್ಗೆ ಎಷ್ಟು ಕೆಲಸ ಮಾಡುತ್ತಿವೆ ಎಂದು ಕೇಳಿ ನೋಡಿ. ಕಾರು ಇಟ್ಟುಕೊಂಡವನಿಗೆ ಬೇಕಾದ ಏಕೈಕ ಮಾಹಿತಿ ಅದು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಜಾಹೀರಾತಿನಲ್ಲಿದೆ.

ಮೊದಲು ಆ ಸಂಖ್ಯೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ಅದರಲ್ಲಿ ಸುಮಾರು 4,400 ಕೇಂದ್ರಗಳು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇವೆ. ಮಿಕ್ಕದ್ದನ್ನು ಉಳಿದ 30 ಜಿಲ್ಲೆಗಳು ಹಂಚಿಕೊಳ್ಳಬೇಕು. ಬೀದರ್, ಯಾದಗಿರಿ, ರಾಯಚೂರಿನ ಕಡೆಯವರು ಕಾರು ಕೊಳ್ಳುವ ಮುಂಚೆ ಯಾಕೆ ಹತ್ತು ಸಲ ಯೋಚಿಸುತ್ತಾರೆ ಎನ್ನುವುದಕ್ಕೆ ಬೇರೆ ಸಮೀಕ್ಷೆ ಬೇಕಿಲ್ಲ. ಇನ್ನೊಂದು ತೊಡಕೂ ಇದೆ. ಸ್ಕೂಟರ್‌ಗೆ, ಆಟೊಗೆ ಒದಗುವ 3.3 ಕಿಲೋವ್ಯಾಟ್ ಪಾಯಿಂಟೂ ಈ ಲೆಕ್ಕದಲ್ಲಿ ಒಂದು, ಹೆದ್ದಾರಿಯ 60 ಕಿಲೋವ್ಯಾಟ್ ಯಂತ್ರವೂ ಒಂದು. 45 ಯೂನಿಟ್ ಬ್ಯಾಟರಿಯ ಕಾರು ಮೊದಲನೆಯದರಲ್ಲಿ ತುಂಬಲು ಹದಿನಾಲ್ಕು ಗಂಟೆ ಹಿಡಿಯುತ್ತದೆ, ಎರಡನೆಯದರಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಮುಕ್ಕಾಲು ತುಂಬಿರುತ್ತದೆ. ರಾತ್ರಿ ಮನೆ ಮುಂದೆ ನಿಲ್ಲಿಸುವ ಕಾರಿಗೆ ಮೊದಲನೆಯದೇ ಸಾಕು, ಅದನ್ನು ನಾನು ಹಳಿಯುತ್ತಿಲ್ಲ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದ ಸಂಖ್ಯೆ ದಾರಿಯಲ್ಲಿರುವವನಿಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಈ ಕ್ಷೇತ್ರದಲ್ಲಿ ಕರ್ನಾಟಕ ನಿಜಕ್ಕೂ ಮುಂದಿತ್ತು ಎಂಬುದೇ ನನಗೆ ಹೆಚ್ಚು ಸಂಕಟ ಕೊಡುವ ಸಂಗತಿ. ಚೇತನ್ ಮೈನಿಯವರ ರೇವಾ ಕಾರು 2001ರಲ್ಲಿ ರಸ್ತೆಗಿಳಿದದ್ದು ಬೆಂಗಳೂರಿನಲ್ಲಿ. ದೇಶದಲ್ಲಿ ಮೊದಲ ರಾಜ್ಯ ಮಟ್ಟದ ವಿದ್ಯುತ್ ವಾಹನ ನೀತಿ 2017ರಲ್ಲಿ ಬಂದದ್ದು ಇಲ್ಲಿ. ಮರುವರ್ಷವೇ ಬೆಸ್ಕಾಂ ಕೆ.ಆರ್. ವೃತ್ತದ ತನ್ನ ಕಚೇರಿಯ ಆವರಣದಲ್ಲಿ ಚಾರ್ಜಿಂಗ್ ಕೇಂದ್ರ ತೆರೆಯಿತು. ಆ ಕಾಲದ ಯಂತ್ರಗಳಲ್ಲಿ ಬಹಳಷ್ಟು ‘ಭಾರತ್ ಡಿಸಿ-001’ ಎಂಬ 15 ಕಿಲೋವ್ಯಾಟ್ ಮಾದರಿಯವು. ಅಂದಿನ ಕೆಲವೇ ಕಾರುಗಳಿಗೆ ಅವು ಹೊಂದುತ್ತಿದ್ದವು. ಆಮೇಲೆ ಕಾರು ತಯಾರಕರೆಲ್ಲ ಸಿಸಿಎಸ್-2 ಎಂಬ ಬೇರೆ ಗನ್‌ಗೆ ಹೋದರು. ಹಳೆಯ ಗನ್ ಇಂದಿನ ಕಾರಿನ ಬಾಯಿಗೆ ಹಿಡಿಯುವುದೇ ಇಲ್ಲ. ತಂತ್ರಜ್ಞಾನ ಬದಲಾಗುವುದು ಯಾರ ತಪ್ಪೂ ಅಲ್ಲ. ಬದಲಾದ ಮೇಲೂ ಹಳೆಯ ಯಂತ್ರವನ್ನು ತೆಗೆಯದೆ, ಹೊಸದನ್ನು ಕೂರಿಸದೆ, ಅದನ್ನೂ ಎಣಿಕೆಯಲ್ಲಿ ಉಳಿಸಿಕೊಳ್ಳುವುದು ಮಾತ್ರ ತಪ್ಪು.

ಚಾರ್ಜರ್ ಕೆಟ್ಟು ನಿಲ್ಲುವುದು ಎಂದರೆ ಹೇಗೆ ಎಂದು ಪೆಟ್ರೋಲ್ ಕಾರಿನವರಿಗೆ ತಿಳಿಯಬೇಕು. ಮಳೆಗಾಲದಲ್ಲಿ ಮಂಗಳೂರಿನಿಂದ ಬರುತ್ತಿದ್ದೆ. ಗುಂಡ್ಯ ದಾಟಿ ಶಿರಾಡಿ ಏರುವಾಗ ಬ್ಯಾಟರಿ ಬಯಲುಸೀಮೆಯ ಲೆಕ್ಕಕ್ಕೆ ಸಿಗುವುದಿಲ್ಲ, ನೋಡನೋಡುತ್ತ ಇಳಿಯುತ್ತದೆ. ಸಕಲೇಶಪುರದ ಸಮೀಪ ಹೋಟೆಲೊಂದರ ಅಂಗಳದಲ್ಲಿ ವೇಗದ ಚಾರ್ಜರ್ ಇದೆ ಎಂದು ಆ್ಯಪ್ ಹಸಿರು ಬಣ್ಣದಲ್ಲಿ ತೋರಿಸುತ್ತಿತ್ತು. ಹೋಗಿ ನೋಡಿದರೆ ಪರದೆಯ ಮೇಲೆ ದೋಷದ ಸೂಚನೆ. ಯಾರೋ ಕೆಂಪು ತುರ್ತು ಗುಂಡಿಯನ್ನು ಒತ್ತಿ ಹೋಗಿದ್ದರು. ಆ ಗುಂಡಿಯನ್ನು ಬಲಕ್ಕೆ ತಿರುಗಿಸಿದರೆ ಪುಟಿದು ಹೊರಗೆ ಬರುತ್ತದೆ, ಕೆಲಸ ಅಷ್ಟೇ. ಹೋಟೆಲಿನ ಹುಡುಗನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. “ಮೊನ್ನೆಯಿಂದ ಹಂಗೇ ಐತೆ ಸಾರ್, ಕಂಪನಿಯವ್ರು ಬರ್ಬೇಕು” ಅಂದ. ಗುಂಡಿ ತಿರುಗಿಸಿದೆ, ಯಂತ್ರ ಎಚ್ಚರವಾಯಿತು. ಆದರೆ ಅದನ್ನು ಕಂಪನಿಯ ಸರ್ವರ್ ಒಪ್ಪಬೇಕಲ್ಲ? ಯಂತ್ರದ ಒಳಗೊಂದು ಸಿಮ್ ಇರುತ್ತದೆ, ಮೋಡ ಕವಿದ ಆ ಮಧ್ಯಾಹ್ನ ಅದಕ್ಕೆ ಸಿಗ್ನಲ್ ಇರಲಿಲ್ಲ. ಸಹಾಯವಾಣಿಗೆ ಕರೆ ಮಾಡಿದರೆ ಎಲ್ಲಿಂದಲೋ ಹಿಂದಿಯಲ್ಲಿ ಉತ್ತರ, ದೂರಿನ ಸಂಖ್ಯೆ, ‘48 ಗಂಟೆಯೊಳಗೆ’ ಎಂಬ ಭರವಸೆ. ನನ್ನ ಹಿಂದೆ ಸುಬ್ರಹ್ಮಣ್ಯದಿಂದ ವಾಪಸಾಗುತ್ತಿದ್ದ ಸಂಸಾರವೊಂದರ ಕಾರು ಬಂದು ನಿಂತಿತ್ತು. ವಯಸ್ಸಾದ ತಾಯಿ, ಸಣ್ಣ ಮಗು, ಬ್ಯಾಟರಿಯಲ್ಲಿ ಶೇ 14. ಅವರು ಎ.ಸಿ. ಆರಿಸಿ, ಗಾಜು ಇಳಿಸಿದರೆ ಮಳೆ ಒಳಗೆ ಬರುತ್ತದೆಂದು ಮುಚ್ಚಿಕೊಂಡೇ, ನಲವತ್ತರ ವೇಗದಲ್ಲಿ ಹಾಸನದ ದಾರಿ ಹಿಡಿದರು. ಆ ಕಂಪನಿಯ ದಾಖಲೆಯಲ್ಲಿ ಅಂದು ಏನೂ ಆಗಿಲ್ಲ. ಆ ಯಂತ್ರ ಆಗಲೂ ಹಸಿರಾಗಿಯೇ ಇತ್ತು.

ಇಲ್ಲಿ ಕೈಕೊಟ್ಟದ್ದು ದೊಡ್ಡ ತಂತ್ರಜ್ಞಾನವಲ್ಲ. ಗುಂಡಿ ತಿರುಗಿಸಬಲ್ಲ ಒಬ್ಬ ಮನುಷ್ಯ ಇರಲಿಲ್ಲ, ಸಿಗ್ನಲ್ ಹೋದಾಗ ಕಾರ್ಡ್ ತೋರಿಸಿ ಶುರು ಮಾಡುವ ವ್ಯವಸ್ಥೆ ಇರಲಿಲ್ಲ, ಸ್ಥಳೀಯ ಭಾಷೆಯಲ್ಲಿ ಮಾತಾಡುವ ದನಿ ಇರಲಿಲ್ಲ. ಇವನ್ನೆಲ್ಲ ಕಡ್ಡಾಯ ಮಾಡಿ, ತಪ್ಪಿದರೆ ದಂಡ ಹಾಕುವ ಗಟ್ಟಿ ಕೈ ಎಲ್ಲೂ ಕಾಣುತ್ತಿಲ್ಲ. ಇದರ ಮೇಲೆ ಆ್ಯಪ್‌ಗಳ ಕಾಟ ಬೇರೆ. ಕಂಪನಿಗೊಂದು ಆ್ಯಪ್, ಆ್ಯಪ್‌ಗೊಂದು ವಾಲೆಟ್, ವಾಲೆಟ್‌ಗೆ ಮುಂಗಡ ದುಡ್ಡು. ಎಳನೀರು ಮಾರುವವರೂ ಕ್ಯೂಆರ್ ಕೋಡ್ ಇಟ್ಟುಕೊಂಡಿರುವ ರಾಜ್ಯದಲ್ಲಿ, ಲಕ್ಷಾಂತರ ರೂಪಾಯಿಯ ಯಂತ್ರ ನೇರ ಯುಪಿಐ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ನಾವು ಯಾಕೆ ಸಹಿಸಬೇಕು?

ಪೆಟ್ರೋಲ್ ಬಂಕಿನ ಜತೆ ಹೋಲಿಸಿದರೆ ಅನ್ಯಾಯ ಸ್ಪಷ್ಟವಾಗುತ್ತದೆ. ಬಂಕ್ ನಡೆಸುವವರು ಉಚಿತ ಗಾಳಿ, ಕುಡಿಯುವ ನೀರು, ಶೌಚಾಲಯ, ದೂರು ಪುಸ್ತಕ ಎಲ್ಲವನ್ನೂ ಇಡಬೇಕು ಎಂಬ ನಿಯಮವಿದೆ. ಅಳತೆಯಲ್ಲಿ ಅನುಮಾನ ಬಂದರೆ ಐದು ಲೀಟರಿನ ಮಾಪಕ ತರಿಸಿ ನಿಮ್ಮ ಕಣ್ಣೆದುರೇ ಅಳೆಯಿಸಬಹುದು. ಅದೇ ಬಂಕಿನ ಮೂಲೆಯಲ್ಲಿ ನಿಂತ ಚಾರ್ಜರ್‌ಗೆ ಈ ಶಿಸ್ತು ಇಲ್ಲ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮೂರು ಸರ್ಕಾರಿ ತೈಲ ಕಂಪನಿಗಳಿಗೆ 7,432 ವೇಗದ ಚಾರ್ಜರ್ ಹಾಕಲು 800 ಕೋಟಿ ರೂಪಾಯಿ ಮಂಜೂರು ಮಾಡಿತು. ಅಷ್ಟು ದುಡ್ಡು ಹೋದ ಮೇಲೂ ಬಂಕಿನ ಹುಡುಗರನ್ನು ಕೇಳಿದರೆ “ಅದು ನಮಗೆ ಬರಲ್ಲ ಸಾರ್” ಎಂಬ ಮಾತೇ ಎಷ್ಟೋ ಕಡೆ ಸಿಗುತ್ತದೆ. ಹುಡುಗರನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ಕಲಿಸುವ, ಅದಕ್ಕೊಂದಿಷ್ಟು ಸಂಬಳ ಸೇರಿಸುವ ಜವಾಬ್ದಾರಿಯನ್ನು ಯಾರೂ ಹೊತ್ತುಕೊಂಡಿಲ್ಲ.

ಬೇರೆ ದೇಶಗಳೂ ಈ ಗುಂಡಿಯಲ್ಲಿ ಬಿದ್ದಿದ್ದವು. 2022ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಸಂಶೋಧಕರು 657 ವೇಗದ ಚಾರ್ಜರ್‌ಗಳ ಬಳಿ ಖುದ್ದಾಗಿ ಹೋಗಿ ಪರೀಕ್ಷಿಸಿದರು. ಸರಿ ಇದ್ದದ್ದು ಶೇ 72.5 ಮಾತ್ರ. ಕಂಪನಿಗಳು ಹೇಳಿಕೊಳ್ಳುತ್ತಿದ್ದದ್ದು ಶೇ 95ರಿಂದ 98. ಈ ಅಂತರವನ್ನು ನಮ್ಮ ಅಧಿಕಾರಿಗಳು ಗೋಡೆಗೆ ಅಂಟಿಸಿಕೊಳ್ಳಬೇಕು, ಏಕೆಂದರೆ ಕಂಪನಿಯ ಸರ್ವರ್ ಹೇಳಿದ್ದನ್ನೇ ನಂಬಿ ಕೂತರೆ ನಮಗೂ ಶೇ 98ರ ವರದಿಯೇ ಬರುತ್ತದೆ. ಅಮೆರಿಕ 2023ರಲ್ಲಿ, ಕೇಂದ್ರದ ಅನುದಾನ ಪಡೆದ ಹೆದ್ದಾರಿ ಚಾರ್ಜರ್‌ಗಳು ಶೇ 97ರಷ್ಟು ಹೊತ್ತು ಕೆಲಸ ಮಾಡಲೇಬೇಕೆಂದು ನಿಯಮ ತಂದಿತು. ಬ್ರಿಟನ್ ಇನ್ನೂ ಬಿಗಿ. 2024ರ ನವೆಂಬರ್‌ನಿಂದ ಅಲ್ಲಿ ವೇಗದ ಚಾರ್ಜರ್ ಜಾಲಗಳು ವರ್ಷದ ಸರಾಸರಿಯಲ್ಲಿ ಶೇ 99 ಹೊತ್ತು ಸುಸ್ಥಿತಿಯಲ್ಲಿರಬೇಕು, ದಿನದ 24 ಗಂಟೆ ಉಚಿತ ಸಹಾಯವಾಣಿ ಇರಬೇಕು. ತಪ್ಪಿದರೆ ಚಾರ್ಜರ್ ಒಂದಕ್ಕೆ 10,000 ಪೌಂಡ್‌ವರೆಗೆ ದಂಡ. ನಮ್ಮಲ್ಲಿ ನಿಯಮ ಬರೆಯುವವರು ಹೆಚ್ಚು ತಲೆ ಕೆಡಿಸಿಕೊಂಡದ್ದು ದೂರದ ಬಗ್ಗೆ. ನಗರದಲ್ಲಿ ಮೂರು ಕಿಲೋಮೀಟರ್ ಚೌಕಕ್ಕೊಂದು, ಹೆದ್ದಾರಿಯ ಎರಡೂ ಬದಿಯಲ್ಲಿ 25 ಕಿಲೋಮೀಟರ್‌ಗೊಂದು ಕೇಂದ್ರ ಇರಬೇಕೆಂದು 2022ರ ಮಾರ್ಗಸೂಚಿ ಹೇಳಿತು. ಕೆಟ್ಟ ಯಂತ್ರ 25 ಕಿಲೋಮೀಟರ್‌ಗೊಂದು ಇದ್ದರೇನು, ಐದು ಕಿಲೋಮೀಟರ್‌ಗೊಂದು ಇದ್ದರೇನು?

ಚಾರ್ಜಿಂಗ್ ಕಂಪನಿಗಳ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಹೆದ್ದಾರಿಯ ಯಂತ್ರಕ್ಕೆ ದಿನಕ್ಕೆ ಬೆರಳೆಣಿಕೆಯ ಕಾರುಗಳು ಬರುತ್ತವೆ. ಬಂದರೂ ಬಾರದಿದ್ದರೂ ಸಂಪರ್ಕದ ನಿಗದಿತ ಶುಲ್ಕ ಕಟ್ಟಬೇಕು. ತಾಮ್ರದ ಆಸೆಗೆ ಕೇಬಲ್ ಕತ್ತರಿಸಿಕೊಂಡು ಹೋಗುವ ಕಳ್ಳರಿದ್ದಾರೆ, ಚಾರ್ಜಿಂಗ್ ಜಾಗದಲ್ಲೇ ಡೀಸೆಲ್ ಗಾಡಿ ನಿಲ್ಲಿಸಿ ಊಟಕ್ಕೆ ಹೋಗುವವರಿದ್ದಾರೆ. ವೋಲ್ಟೇಜ್ ಏರುಪೇರಾದರೆ ಯಂತ್ರ ತಾನಾಗಿ ನಿಲ್ಲುತ್ತದೆ, ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರೇ ಕರೆಂಟ್ ಒಪ್ಪುವುದಿಲ್ಲ. ಈ ಕೊನೆಯ ಎರಡಕ್ಕೆ ಎಸ್ಕಾಂಗಳೂ ಉತ್ತರ ಕೊಡಬೇಕು. ತೆರಿಗೆಯ ವಿಷಯದಲ್ಲಂತೂ ನಾನು ಪೂರ್ತಿ ಕಂಪನಿಗಳ ಪರ. ಚಾರ್ಜಿಂಗ್ ಎಂದರೆ ವಿದ್ಯುತ್ ಮಾರಾಟವಲ್ಲ, ಸೇವೆ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿದ್ದು ಒಳ್ಳೆಯದಕ್ಕೇ. ಅದರಿಂದ ಪರವಾನಗಿ ಇಲ್ಲದೆ ಯಾರು ಬೇಕಾದರೂ ಕೇಂದ್ರ ತೆರೆಯುವಂತಾಯಿತು. ಆದರೆ ಸೇವೆ ಎಂದಾದ ಮೇಲೆ ಶೇ 18 ಜಿಎಸ್‌ಟಿ ಅಂಟಿಕೊಂಡಿತು. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಈ ಬಗ್ಗೆ ಸ್ಪಷ್ಟನೆ ಕೇಳಿದಾಗ 2023ರಲ್ಲಿ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ ಅದನ್ನೇ ಎತ್ತಿಹಿಡಿಯಿತು. ಮನೆಯ ಕರೆಂಟಿಗೆ ಜಿಎಸ್‌ಟಿ ಇಲ್ಲ, ವಿದ್ಯುತ್ ಕಾರಿಗೆ ಶೇ 5, ಚಾರ್ಜರ್ ಯಂತ್ರಕ್ಕೆ ಶೇ 5, ದಾರಿಯಲ್ಲಿ ಚಾರ್ಜ್ ಮಾಡಿಸಿಕೊಂಡರೆ ಶೇ 18. ಇದಕ್ಕೆ ಯಾವ ನ್ಯಾಯವೂ ಇಲ್ಲ. ಜಿಎಸ್‌ಟಿ ಮಂಡಳಿಯಲ್ಲಿ ಇದನ್ನು ಶೇ 5ಕ್ಕೆ ಇಳಿಸಲು ಕರ್ನಾಟಕವೇ ಪಟ್ಟು ಹಿಡಿಯಬೇಕು.

ಆದರೆ ನಷ್ಟದ ಕಥೆ ಹೇಳಿ ನಿರ್ವಹಣೆಯಿಂದ ನುಣುಚಿಕೊಳ್ಳಲು ಬಿಡಬಾರದು. ಕಾರು ಬರುತ್ತಿಲ್ಲ, ಆದ್ದರಿಂದ ರಿಪೇರಿ ಮಾಡುವುದಿಲ್ಲ ಎನ್ನುತ್ತಾರೆ. ರಿಪೇರಿ ಮಾಡದ ಯಂತ್ರದ ಬಳಿಗೆ ಎರಡನೇ ಸಲ ಯಾರು ಬರುತ್ತಾರೆ? ಸಾರ್ವಜನಿಕರ ಹಣ ಪಡೆದು ನಿಲ್ಲಿಸಿದ ಯಂತ್ರವನ್ನು ಸುಸ್ಥಿತಿಯಲ್ಲಿಡುವುದು ವ್ಯಾಪಾರದ ಅನುಕೂಲ ನೋಡಿಕೊಂಡು ಮಾಡುವ ಕೆಲಸವಲ್ಲ, ಒಪ್ಪಂದದ ಷರತ್ತು.

ಇದೆಲ್ಲ ಉಳ್ಳವರ ಕಾರಿನ ಗೋಳು, ಬಸ್ಸಿಗೆ ಕಾಯುವವರಿಗೆ ಇದರಿಂದೇನು ಎಂಬ ಆಕ್ಷೇಪ ನನಗೆ ಗೊತ್ತು. ಬಸ್ಸಿಗೆ ಹೆಚ್ಚು ದುಡ್ಡು ಹೋಗಬೇಕು ಎಂಬುದನ್ನು ಎರಡು ಮಾತಿಲ್ಲದೆ ಒಪ್ಪುತ್ತೇನೆ. ಆದರೆ ಸಾರ್ವಜನಿಕ ಚಾರ್ಜರ್ ಕೆಟ್ಟರೆ ಸ್ವಂತ ಮನೆ, ಸ್ವಂತ ಗ್ಯಾರೇಜು ಇರುವವರು ಅಷ್ಟಾಗಿ ತೊಂದರೆಪಡುವುದಿಲ್ಲ. ಅವರು ರಾತ್ರಿ ಮನೆಯಲ್ಲೇ ಪ್ಲಗ್ ಹಾಕಿ ಮಲಗುತ್ತಾರೆ. ಒದ್ದಾಡುವವರು ಬಾಡಿಗೆ ಮನೆಯವರು, ಬೇಸ್‌ಮೆಂಟಿನಲ್ಲಿ ಪಾಯಿಂಟ್ ಹಾಕಿಸಿಕೊಳ್ಳಲು ಸಂಘದ ಎನ್‌ಒಸಿ ಸಿಗದ ಅಪಾರ್ಟ್‌ಮೆಂಟಿನವರು, ಸಾಲದ ಮೇಲೆ ವಿದ್ಯುತ್ ಟ್ಯಾಕ್ಸಿ ತೆಗೆದ ಚಾಲಕರು. ವಿಮಾನ ನಿಲ್ದಾಣದ ಬಾಡಿಗೆ ಹೊಡೆಯುವ ಚಾಲಕನಿಗೆ ಚಾರ್ಜರ್ ಎದುರಿನ ಒಂದೊಂದು ಗಂಟೆಯೂ ಕೈತಪ್ಪಿದ ಟ್ರಿಪ್. ಎರಡು ಗನ್ ಇರುವ ಕಡೆ ಒಂದು ಕೆಟ್ಟರೆ ಸರದಿ ದುಪ್ಪಟ್ಟಾಗುತ್ತದೆ, ಇಎಂಐ ದಿನಾಂಕ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ರಾತ್ರಿ ಹೊತ್ತು ಒಬ್ಬಂಟಿಯಾಗಿ ಪ್ರಯಾಣಿಸುವ ಹೆಣ್ಣುಮಕ್ಕಳ ಕಷ್ಟ ಇನ್ನೊಂದು ತೂಕದ್ದು. ದೀಪವಿಲ್ಲದ, ಕಾವಲಿಲ್ಲದ, ಶೌಚಾಲಯವಿಲ್ಲದ ಮೂಲೆಯಲ್ಲಿ ಮುಕ್ಕಾಲು ಗಂಟೆ ಕಾರಿನೊಳಗೆ ಕೂರಿ ಎಂದು ಯಾರ ಮಗಳಿಗೂ ಹೇಳಲಾಗದು.

ಈಗ ಇದನ್ನು ಹೇಳಲು ಕಾರಣವಿದೆ. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸಾರ್ವಜನಿಕ ಚಾರ್ಜಿಂಗ್‌ಗೆಂದೇ 2,000 ಕೋಟಿ ರೂಪಾಯಿ ಇಡಲಾಗಿದೆ. ಕಾರುಗಳಿಗಾಗಿ 22,100 ವೇಗದ ಚಾರ್ಜರ್‌ಗಳ ಗುರಿಯಿದೆ, ಅವಧಿ 2028ರ ಮಾರ್ಚ್‌ವರೆಗೆ ವಿಸ್ತರಣೆಯಾಗಿದೆ. ಈ ಯೋಜನೆಯನ್ನು ನಡೆಸುವ ಖಾತೆಯ ಕೇಂದ್ರ ಸಚಿವರು ಎಚ್.ಡಿ. ಕುಮಾರಸ್ವಾಮಿ, ನಮ್ಮವರೇ. ಬಿಡದಿಯಿಂದ ಮಂಡ್ಯದವರೆಗಿನ ಹೆದ್ದಾರಿ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಹಣ ಕೊಡುವ ಕೈಗೆ ಷರತ್ತು ಹಾಕುವ ಅಧಿಕಾರವೂ ಇದೆ. ಯಂತ್ರ ನಿಲ್ಲಿಸಿದ ಕೂಡಲೇ ಸಹಾಯಧನದ ಬಹುಪಾಲು ಕೈಸೇರುವ ಪದ್ಧತಿ ಸಾಕು. ಅದರಲ್ಲಿ ಮೂರನೇ ಒಂದು ಭಾಗವನ್ನಾದರೂ ತಡೆಹಿಡಿದು, ಮೂರು ವರ್ಷಗಳ ಕಾಲ, ಶೇ 97 ಹೊತ್ತು ನಿಜವಾಗಿ ಕರೆಂಟ್ ಕೊಟ್ಟ ಯಂತ್ರಕ್ಕೆ ಮಾತ್ರ ಕಂತು ಕಂತಾಗಿ ಬಿಡುಗಡೆ ಮಾಡಲಿ. ತಪಾಸಣೆಯನ್ನು ಕಂಪನಿಯ ಸರ್ವರ್‌ಗೆ ಬಿಡದೆ, ಕಾರು ತೆಗೆದುಕೊಂಡು ಹೋಗಿ ಗನ್ ಚುಚ್ಚಿ ನೋಡುವ ಸ್ವತಂತ್ರ ತಂಡಕ್ಕೆ ವಹಿಸಲಿ.

ರಾಜ್ಯ ಸರ್ಕಾರ ದೆಹಲಿಗೆ ಕಾಯಬೇಕಾಗಿಲ್ಲ. ಜಾಗ ಅದರದು, ವಿದ್ಯುತ್ ಸಂಪರ್ಕ ಅದರ ಎಸ್ಕಾಂಗಳದು, ನೋಡಲ್ ಸಂಸ್ಥೆಯಾಗಿ ಬೆಸ್ಕಾಂ ಇದೆ. ಪ್ರತಿ ಜಿಲ್ಲೆಯ ಪ್ರತಿ ವೇಗದ ಚಾರ್ಜರ್ ಕಳೆದ ತಿಂಗಳು ಎಷ್ಟು ಗಂಟೆ ಸತ್ತು ನಿಂತಿತ್ತು ಎಂಬ ಪಟ್ಟಿಯನ್ನು ಬೆಸ್ಕಾಂ ಪ್ರತಿ ತಿಂಗಳ ಮೊದಲ ವಾರ ಕನ್ನಡದಲ್ಲಿ ಪ್ರಕಟಿಸಲಿ. ಮೂವತ್ತು ದಿನ ಮೀರಿ ಕೆಟ್ಟು ನಿಂತದ್ದನ್ನೂ ಇಂದಿನ ಕಾರುಗಳಿಗೆ ಹೊಂದದ ಹಳೆಯ ಯಂತ್ರಗಳನ್ನೂ ಎಣಿಕೆಯಿಂದ ತೆಗೆಯಲಿ. 5,700 ಎಂಬ ಸಂಖ್ಯೆ ಆಗ 4,000ಕ್ಕೆ ಇಳಿದರೆ ಇಳಿಯಲಿ, ಮಹಾರಾಷ್ಟ್ರ ಮೇಲೆ ಹೋದರೆ ಹೋಗಲಿ. ಶಿರಾಡಿ ಹತ್ತಿ ಬಂದವರಿಗೆ ಬೇಕಾಗಿರುವುದು ಸಕಲೇಶಪುರದ ಒಂದು ಯಂತ್ರ, ಕೆಲಸ ಮಾಡುವ ಒಂದು ಯಂತ್ರ.