ಮಗುವಿನ ಲೆಕ್ಕವನ್ನು ಬೇರೆಯಾಗಿ ಬರೆಯೋಣ

ತಲಾಕಿನ ಕುರಿತು ನಮ್ಮಲ್ಲಿ ಚರ್ಚೆಗಳಿಗೆ ಕೊರತೆಯಿಲ್ಲ. 1985ರ ಶಾಬಾನು ತೀರ್ಪಿನಿಂದ 2019ರ ತ್ರಿವಳಿ ತಲಾಕ್ ಕಾಯ್ದೆಯವರೆಗೆ ಪುಟಗಟ್ಟಲೆ ಬರೆದಿದ್ದೇವೆ, ವೇದಿಕೆಗಳಲ್ಲಿ ಗಂಟೆಗಟ್ಟಲೆ ಮಾತನಾಡಿದ್ದೇವೆ. ಆದರೆ ಈ ವಾಗ್ವಾದಗಳಲ್ಲೆಲ್ಲ ಪತಿಗೆ ಸ್ಥಾನ ದೊರೆಯಿತು, ಪತ್ನಿಗೆ ಸ್ಥಾನ ದೊರೆಯಿತು; ಇಬ್ಬರ ನಡುವೆ ನಿಂತ ಮಗುವಿಗೆ ದೊರೆಯಲಿಲ್ಲ. ದಂಪತಿಗಳು ಬೇರ್ಪಟ್ಟ ಬಳಿಕ ಆ ಮಗುವಿನ ಅನ್ನ, ಬಟ್ಟೆ, ಶಾಲೆ ಮತ್ತು ಔಷಧಿಯ ಖರ್ಚನ್ನು ಯಾರು, ಎಷ್ಟು, ಎಲ್ಲಿಯವರೆಗೆ ಭರಿಸಬೇಕು? ಈ ಪ್ರಶ್ನೆಯನ್ನು ಸಮುದಾಯ ಇನ್ನಾದರೂ ಗಂಭೀರವಾಗಿ ಪರಿಗಣಿಸಬೇಕಾಗಿದೆ.

ನಮ್ಮ ಊರುಗಳಲ್ಲಿ ಇತ್ಯರ್ಥ ಹೇಗೆ ನಡೆಯುತ್ತದೆ ಎಂಬುದು ಓದುಗರಿಗೆ ತಿಳಿಯದ ವಿಷಯವೇನಲ್ಲ. ಎರಡೂ ಕಡೆಯ ಹಿರಿಯರು ಕುಳಿತುಕೊಳ್ಳುತ್ತಾರೆ. ಮಹ್ರ್, ಇದ್ದತ್ತಿನ ಖರ್ಚು, ಚಿನ್ನ, ಪೀಠೋಪಕರಣಗಳ ಮಾತು ಮುಗಿಯುತ್ತದೆ. ಕೊನೆಗೆ ಒಂದು ಇಡುಗಂಟಿನ ಮೊತ್ತಕ್ಕೆ ಇಬ್ಬರೂ ಒಪ್ಪಿ, 'ಇನ್ನು ಮುಂದೆ ಯಾವುದೇ ಬೇಡಿಕೆ ಇಲ್ಲ' ಎಂಬ ಕಾಗದಕ್ಕೆ ತಾಯಿಯ ಸಹಿ ಬೀಳುತ್ತದೆ. ಆ ಒಂದು ಸಾಲಿನಲ್ಲಿ ಮಗುವಿನ ಲೆಕ್ಕವೂ ಮುಚ್ಚಿಹೋಗುತ್ತದೆ. ಮಗುವಿನ ಪರವಾಗಿ ಅಲ್ಲಿ ಮಾತನಾಡಿದವರು ಯಾರು?

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಮೌನವಾಗಿಲ್ಲ. ಅಲ್‌ಬಕರ ಅಧ್ಯಾಯದ 233ನೇ ಸೂಕ್ತವು ಹಾಲುಣಿಸುವ ತಾಯಿಯ ಅನ್ನ-ಬಟ್ಟೆಯ ಹೊಣೆಯನ್ನು ಮಗುವಿನ ತಂದೆಯ ಮೇಲೆ ಹೊರಿಸುತ್ತದೆ. ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಭಾರವನ್ನು ಹೊರಿಸಬಾರದೆಂದೂ ಮಗುವಿನ ಕಾರಣದಿಂದ ತಾಯಿಗಾಗಲಿ ತಂದೆಗಾಗಲಿ ಹಾನಿಯಾಗಬಾರದೆಂದೂ ಅದೇ ಸೂಕ್ತ ತಾಕೀತು ಮಾಡುತ್ತದೆ. ಅತ್ತಲಾಕ್ ಅಧ್ಯಾಯವು ಅನುಕೂಲಸ್ಥನು ತನ್ನ ಅನುಕೂಲಕ್ಕೆ ತಕ್ಕಂತೆ, ಇಕ್ಕಟ್ಟಿನಲ್ಲಿರುವವನು ತನಗೆ ದೊರೆತದ್ದರಿಂದ ಖರ್ಚು ಮಾಡಬೇಕೆನ್ನುತ್ತದೆ. ಗಂಡನ ಜಿಪುಣತನದ ಬಗ್ಗೆ ದೂರಿದ ಹಿಂದ್(ರ)ರವರಿಗೆ, ತನಗೂ ಮಕ್ಕಳಿಗೂ ಸಾಕಾಗುವಷ್ಟನ್ನು ರೂಢಿಯ ಮಿತಿಯಲ್ಲಿ ತೆಗೆದುಕೊಳ್ಳಲು ಪ್ರವಾದಿ(ಸ) ಅನುಮತಿಯಿತ್ತ ಘಟನೆಯೂ ಪ್ರಸಿದ್ಧವಾಗಿದೆ. ಮಗುವಿನ ಅಗತ್ಯ ಮತ್ತು ತಂದೆಯ ಸಾಮರ್ಥ್ಯ, ಇವೆರಡೇ ಇಲ್ಲಿನ ಅಳತೆಗೋಲುಗಳು. ವಿಚ್ಛೇದನಕ್ಕೆ ಯಾರ ತಪ್ಪು ಕಾರಣ ಎಂಬುದು ಮಗುವಿನ ತಟ್ಟೆಗೆ ಅಳತೆಗೋಲಲ್ಲ.

ದೇಶದ ಕಾನೂನು ಕೂಡ ಹೆಚ್ಚು ಕಡಿಮೆ ಇದೇ ನೆಲೆಯಲ್ಲಿ ನಿಂತಿದೆ. 1986ರ ಮುಸ್ಲಿಮ್ ಮಹಿಳಾ ಕಾಯ್ದೆಯಲ್ಲಿ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಖರ್ಚಿನ ಪ್ರಸ್ತಾಪವಿದೆ. ಇದನ್ನೇ ಹಿಡಿದುಕೊಂಡು, ಅಲ್ಲಿಗೆ ತಂದೆಯ ಹೊಣೆ ಮುಗಿಯಿತೆಂದು ವಾದಿಸಿದವರಿದ್ದರು. 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಮಕ್ಕಳ ಜೀವನಾಂಶವು ತಾಯಿಯ ಹಕ್ಕಿಗಿಂತ ಪ್ರತ್ಯೇಕವಾದ, ಸ್ವತಂತ್ರವಾದ ಹಕ್ಕು; ಅದು ಮಕ್ಕಳು ಪ್ರಾಯಕ್ಕೆ ಬರುವವರೆಗೆ ಅಥವಾ ತಮ್ಮನ್ನು ತಾವು ಪೋಷಿಸಿಕೊಳ್ಳುವಂತಾಗುವವರೆಗೆ, ಹೆಣ್ಣುಮಕ್ಕಳ ವಿಷಯದಲ್ಲಿ ವಿವಾಹದವರೆಗೆ ಇರುತ್ತದೆ ಎಂದು ಅದು ಸ್ಪಷ್ಟಪಡಿಸಿತು. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ ಈ ಪರಿಹಾರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಹಿಂದೆ ಕೇಂದ್ರ ಕಾನೂನಿನಲ್ಲಿದ್ದ ತಿಂಗಳಿಗೆ 500 ರೂಪಾಯಿಯ ಮಿತಿ 2001ರ ತಿದ್ದುಪಡಿಯಲ್ಲೇ ರದ್ದಾಗಿದೆ.

ಹಾಗಾದರೆ ಮೊತ್ತವನ್ನು ಲೆಕ್ಕ ಹಾಕುವುದು ಹೇಗೆ? ನಮ್ಮ ಕಾನೂನಿನಲ್ಲಿ ಇದಕ್ಕೆ ಸಿದ್ಧ ಸೂತ್ರವಿಲ್ಲ. ಸಂಬಳದ ಶೇ. 25 ಎಂಬ ಮಾತು ಜನರ ನಡುವೆ ಹರಿದಾಡುತ್ತಿದೆ. ಅದು 2017ರ ಒಂದು ತೀರ್ಪಿನಲ್ಲಿ ಪತ್ನಿಯ ಜೀವನಾಂಶದ ಸಂದರ್ಭದಲ್ಲಿ ಬಂದ ಮಾತೇ ಹೊರತು ಮಕ್ಕಳಿಗೆ ಗೊತ್ತುಪಡಿಸಿದ ದರವಲ್ಲ. 2020ರ ನವೆಂಬರ್ 4ರಂದು ರಜನೀಶ್-ನೇಹಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಮಾರ್ಗಸೂಚಿಗಳನ್ನು ನೀಡಿತು. ಗಂಡ-ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬಹಿರಂಗಪಡಿಸಬೇಕು. ಮಗುವಿನ ಖರ್ಚಿನಲ್ಲಿ ಆಹಾರ, ಬಟ್ಟೆ, ವಸತಿ, ವೈದ್ಯಕೀಯ ವೆಚ್ಚ ಮತ್ತು ಶಿಕ್ಷಣ ಸೇರುತ್ತವೆ. ಶಿಕ್ಷಣದ ವೆಚ್ಚ ಸಾಮಾನ್ಯವಾಗಿ ತಂದೆಯದು. ತಾಯಿಗೆ ಸಾಕಷ್ಟು ಸಂಪಾದನೆಯಿದ್ದರೆ ಅದನ್ನು ಅನುಪಾತಕ್ಕೆ ತಕ್ಕಂತೆ ಹಂಚಬಹುದು. ಜೀವನಾಂಶವು ಅರ್ಜಿ ಸಲ್ಲಿಸಿದ ದಿನದಿಂದಲೇ ಅನ್ವಯವಾಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಹತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳು ತಾಯಿಯೊಂದಿಗಿದ್ದಾರೆ. ತಿಂಗಳಿಗೆ ಊಟ, ಹಾಲಿಗೆ 6,000 ರೂಪಾಯಿ. ವರ್ಷದ ಶಾಲಾ ಖರ್ಚು 48,000ವನ್ನು ಹಂಚಿದರೆ 4,000. ಬಟ್ಟೆ, ಔಷಧಿಗೆ 2,000. ಮೂವರು ವಾಸಿಸುವ ಮನೆಯ 6,000 ಬಾಡಿಗೆಯಲ್ಲಿ ಮಕ್ಕಳ ಪಾಲು 4,000. ಒಟ್ಟು 16,000. ತಂದೆಯ ಆದಾಯ 30,000, ಹೊಲಿಗೆಯಿಂದ ತಾಯಿಗೆ 10,000 ಎಂದಾದರೆ, ಇಬ್ಬರ ಆದಾಯದ ಅನುಪಾತದಲ್ಲಿ ತಂದೆಯ ಪಾಲು 12,000. ತಾಯಿ ಹಗಲಿರುಳು ಮಾಡುವ ಆರೈಕೆಗೆ ಇಲ್ಲಿ ಬೆಲೆಯನ್ನೇ ಕಟ್ಟಿಲ್ಲ. ಅದನ್ನು ಪರಿಗಣಿಸಿದರೆ ತಂದೆಯ ಪಾಲು ಇನ್ನೂ ಹೆಚ್ಚಬೇಕು. ಈಗ ಇದೇ ಮಕ್ಕಳ ಹೆಸರಿನಲ್ಲಿ ಒಂದೂವರೆ ಲಕ್ಷದ ಇಡುಗಂಟು ಕೊಟ್ಟು ಕೈತೊಳೆದುಕೊಂಡರೆ? ಹನ್ನೆರಡೂವರೆ ತಿಂಗಳಲ್ಲಿ ಅದು ಬರಿದಾಗುತ್ತದೆ. ಕಿರಿಯ ಮಗುವಿಗೆ ಹದಿನೆಂಟು ತುಂಬಲು 144 ತಿಂಗಳು ಬೇಕು. ಉಳಿದ ತಿಂಗಳುಗಳಲ್ಲಿ ಆ ಮಗು ಯಾರ ಮುಂದೆ ಕೈಚಾಚಬೇಕು?

'ನನಗೆ ಕೆಲಸವಿಲ್ಲ' ಎಂಬ ಉತ್ತರ ಬಹಳ ಸುಲಭವಾದುದು. ದೃಢಕಾಯನಾದ ಗಂಡಸು ಕೂಲಿ ಮಾಡಿಯಾದರೂ ಪತ್ನಿ ಮತ್ತು ಅಪ್ರಾಪ್ತ ಮಕ್ಕಳನ್ನು ಪೋಷಿಸಬೇಕೆಂದು ಸುಪ್ರೀಮ್ ಕೋರ್ಟ್ 2022ರಲ್ಲಿ ಹೇಳಿದೆ. ಇನ್ನು ಗಲ್ಫ್‌ನಲ್ಲಿ ದುಡಿಯುವ ತಂದೆ ಊರಿನ ಜಮಾಅತ್‌ನಲ್ಲಿ ತನ್ನ ಸಂಬಳವನ್ನು ಅರ್ಧಕ್ಕಿಳಿಸಿ ಹೇಳಿದರೆ, ಆತ ವಂಚಿಸುವುದು ಮಾಜಿ ಪತ್ನಿಯನ್ನಲ್ಲ, ತನ್ನದೇ ಸಂತಾನವನ್ನು. ಮತ್ತೊಂದು ಮದುವೆಯಾದುದರಿಂದ ಮೊದಲ ಮಕ್ಕಳ ಹಕ್ಕು ಕಳೆದುಹೋಗುವುದಿಲ್ಲ.

ತಾಯಂದಿರ ಕಡೆಯವರಿಗೂ ನಾವು ಒಂದು ಮಾತು ಹೇಳಬೇಕು. ಮಗುವನ್ನು ತಂದೆಗೆ ತೋರಿಸದೆ ಹಗೆ ತೀರಿಸಿಕೊಳ್ಳುವುದು ಮಗುವಿಗೆ ಮಾಡುವ ಅನ್ಯಾಯ. ಜೀವನಾಂಶ ಭೇಟಿಯ ಶುಲ್ಕವಲ್ಲ, ಭೇಟಿ ಜೀವನಾಂಶದ ರಸೀದಿಯೂ ಅಲ್ಲ. ಹಾಗೆಯೇ, ಆದೇಶವಾದ ಬಳಿಕ ಹಣ ಬಾರದಿದ್ದರೆ ಸುಮ್ಮನಿರಬಾರದು. ಬಾಕಿ ವಸೂಲಿಯ ಅರ್ಜಿಯನ್ನು ಅದು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಸಲ್ಲಿಸಬೇಕು. ಶಾಲಾ ಶುಲ್ಕ ಏರಿದಾಗ, ಪರಿಸ್ಥಿತಿ ಬದಲಾದಾಗ ಮೊತ್ತದ ಪರಿಷ್ಕರಣೆಗೂ ಅವಕಾಶವಿದೆ.

ನಮ್ಮ ಜಮಾಅತ್‌ಗಳಿಂದ ನಾವು ನಿರೀಕ್ಷಿಸುವುದು ದೊಡ್ಡ ಕ್ರಾಂತಿಯನ್ನಲ್ಲ, ಒಂದು ಪ್ರತ್ಯೇಕ ಹಾಳೆಯನ್ನು. ಮಹ್ರ್ ಮತ್ತು ಇದ್ದತ್ತಿನ ಲೆಕ್ಕ ಒಂದರಲ್ಲಿರಲಿ, ಮಗುವಿನ ಲೆಕ್ಕ ಇನ್ನೊಂದರಲ್ಲಿರಲಿ. ಅದರಲ್ಲಿ ಮಗುವಿನ ಖರ್ಚು, ಇಬ್ಬರ ಆದಾಯ, ತಿಂಗಳ ಮೊತ್ತ, ವಾರ್ಷಿಕ ಹೆಚ್ಚಳ, ಹಣ ಜಮೆಯಾಗಬೇಕಾದ ಬ್ಯಾಂಕ್ ಖಾತೆ ಮತ್ತು ತಾರೀಕು ಇರಲಿ. 'ಇನ್ನು ಬೇಡಿಕೆ ಇಲ್ಲ' ಎಂಬ ಸಾಲು ಆ ಹಾಳೆಯಲ್ಲಿ ಬೇಡ. ತಾಯಿಯ ಸಹಿಯಿಂದ ಮಗುವಿನ ಹಕ್ಕು ತೀರುವುದಿಲ್ಲವೆಂಬ ಅರಿವು ಆ ಸಭೆಯಲ್ಲಿರಲಿ.

ತಲಾಕ್ ಪತಿ-ಪತ್ನಿಯರ ಸಂಬಂಧವನ್ನು ಕೊನೆಗೊಳಿಸಬಹುದು. ತಂದೆ-ಮಗುವಿನ ಸಂಬಂಧಕ್ಕೆ ತಲಾಕ್ ಇಲ್ಲ. ಶರೀಅತ್ತಿನ ರಕ್ಷಣೆಗಾಗಿ ಧ್ವನಿಯೆತ್ತುವ ಸಮುದಾಯ, ಅದೇ ಶರೀಅತ್ತು ಮಗುವಿಗೆ ನೀಡಿದ ಈ ಹಕ್ಕನ್ನು ತನ್ನ ಮೊಹಲ್ಲಾದಲ್ಲಿ ಮೊದಲು ಜಾರಿಗೆ ತರಲಿ.